ಮುಂದಿನ ಸೀಟಿನ ಸೊಣ್ಣಮ್ಮ

ಬಂಗಾರಪೇಟೆಯಿಂದ ಬೇತಮಂಗಲದವರೆಗೆ ಎಲ್ಲೇ ಒಂದು ಮದುವೆ ನಡೆದರೂ ಹೆಣ್ಣನ್ನು ಕರೆತರಲು ಆಂಜನಪ್ಪನ ಬೆಂಜ್ ಕಾರು ಬರಬೇಕು. ಬೆಂಜ್ ಬಂತೆಂದರೆ ಅದರ ಮುಂದಿನ ಸೀಟಿನಲ್ಲಿ ಅವನ ಹೆಂಡತಿ ಸೊಣ್ಣಮ್ಮ ದೀಪ ಹಿಡಿದು ಕೂತಿರಲೇಬೇಕು. ಇದು ಯಾವ ಕುಲದ ಕಟ್ಟಳೆ, ಯಾವ ಕಾಲದ ಶಾಸ್ತ್ರ ಎಂದು ಕೇಳಿ ನೋಡಿ. ಹಿರಿಯರು ತಲೆ ಕೆರೆದುಕೊಂಡು, "ಮೊದ್ಲಿಂದಾನೂ ಅಂಗೇ ಐತಲ್ಲಪ್ಪಾ" ಎನ್ನುತ್ತಾರೆ. ಮೊದಲಿನಿಂದ ಏನೂ ಇಲ್ಲ, ಸುಡುಗಾಡು! ಆ ಶಾಸ್ತ್ರ ಹುಟ್ಟಿ ಇನ್ನೂ ಮೂರು ವರ್ಷ ತುಂಬಿಲ್ಲ. ಹುಟ್ಟಿಸಿದವಳು ಸೊಣ್ಣಮ್ಮನೇ. ಅದೂ ಬೇರೆ ದಾರಿ ಕಾಣದೆ ಹೇಳಿದ ಒಂದು ಸುಳ್ಳಿನಿಂದ.

ಸೊಣ್ಣಮ್ಮ ಸುಳ್ಳು ಹೇಳುವ ಜಾತಿಯ ಹೆಂಗಸಲ್ಲ. ಬಂಗಾರಪೇಟೆ ಆಚೆಯ ಹಳ್ಳಿಯಲ್ಲಿ ಹಸು ಕಟ್ಟಿದ ಮನೆಯಲ್ಲಿ ಹುಟ್ಟಿದವಳು. ಹಾಲಿಗೆ ನೀರು ಬೆರೆಸುವುದನ್ನು ಸೋದರತ್ತೆ ಕಲಿಸಲು ಬಂದಾಗ, ಡೈರಿಯ ಮುಂದೆ ಎಲ್ಲರೆದುರಿಗೇ "ನಮ್ಮತ್ತೆ ನೀರು ಉಯ್ದವ್ಳೆ" ಎಂದು ಕೂಗಿ, ಮನೆಗೆ ಬಂದು ಬೆನ್ನು ಬಿಸಿ ಮಾಡಿಸಿಕೊಂಡವಳು. ಅಂಥವಳನ್ನು ಆಂಜನಪ್ಪ ಕಟ್ಟಿಕೊಂಡು ಆಂಡರ್ಸನ್‌ಪೇಟೆಗೆ ಕರೆತಂದ. ಆಗ ಅವನು ಒಬ್ಬ ಕಲ್ಲುಕ್ವಾರಿ ಸಾಹುಕಾರರ ಹತ್ತಿರ ಲಾರಿ ಕ್ಲೀನರು. ಆಮೇಲೆ ಲಾರಿ ಡ್ರೈವರಾದ, ಆಮೇಲೆ ಸಾಹುಕಾರರ ಕಾರಿಗೆ ಬಂದ. ತೊಂಬತ್ತರ ದಶಕದಲ್ಲಿ ಬೆಂಜಿನವರು ಪುಣೆಯಲ್ಲಿ ಕಾರು ಜೋಡಿಸಲು ಶುರು ಮಾಡಿದಾಗ ಸಾಹುಕಾರರು ಒಂದು ಬಿಳಿ ಡೀಸೆಲ್ ಬೆಂಜ್ ತಂದರು. ಅದರ ಸ್ಟೇರಿಂಗ್ ಹಿಡಿದ ದಿನದಿಂದ ಆಂಜನಪ್ಪ ಬೇರೆಯೇ ಮನುಷ್ಯನಾದ. ಬೀಡಿ ಬಿಟ್ಟ. ದಿನಾ ಗಡ್ಡ ಕೆರೆದ. ಸಾಹುಕಾರರು ವಯಸ್ಸಾಗಿ ಬೆಂಗಳೂರಿಗೆ ಹೋಗುವಾಗ ಆ ಕಾರನ್ನು ಅವನ ಕೈಗೇ ಕೊಟ್ಟು ಹೋದರು. ಅದನ್ನು ಮನೆ ಮುಂದೆ ನಿಲ್ಲಿಸಿದರೆ ಮನೆಗಿಂತ ಅದೇ ದೊಡ್ಡದಾಗಿ ಕಾಣುತ್ತಿತ್ತು. "ಮಳೆ ಬಂದ್ರೆ ಎಲ್ಲಿ ಮಲಗ್ತೀರಪ್ಪಾ, ಒಳಗೋ ಕಾರಲ್ಲೋ?" ಎಂದು ನೆಂಟರು ಚೇಷ್ಟೆ ಮಾಡುತ್ತಿದ್ದರು.

ಕಾರನ್ನು ಯಾರಾದರೂ ಎತ್ತಿ ಆಡಿದರೆ ಆಂಜನಪ್ಪನಿಗೆ ಕೋಪ ಮೂಗಿನ ತುದಿಗೆ ಬರುತ್ತಿತ್ತು. ಒಬ್ಬ ಆಟೋದವನು "ಇದೇನು ಜರ್ಮನಿದಾ, ಪುಣೇದಲ್ವಾ" ಎಂದಿದ್ದಕ್ಕೆ, "ಜೋಡ್ಸಿದ್ದು ಪುಣೇಲೇ ಕಣ್ಲಾ. ಬುದ್ಧಿ ಜರ್ಮನೀದು. ನಿಂಗೆ ಎರಡೂ ಇಲ್ಲ" ಎಂದು ಬಾಯಿ ಮುಚ್ಚಿಸಿದ್ದ. ಸಾಹುಕಾರರ ಮಗ ಓದಿ ಹೇಳುತ್ತಿದ್ದ ಬೆಂಜಿನ ಕತೆಗಳೆಲ್ಲ ಅವನಿಗೆ ಬಾಯಿಪಾಠ. ತೌರು ಬಿಟ್ಟು ಅಳುತ್ತಾ ಕಾರು ಹತ್ತಿದ ಹೆಣ್ಣುಮಕ್ಕಳಿಗೆ ಅವನು ಅದನ್ನೇ ಹೇಳುತ್ತಿದ್ದ.

"ಮರ್ಸಿಡಿಸ್ ಅನ್ನೋದು ಏನಂದ್ಕೊಂಡೆ ಕಣವ್ವಾ? ಒಂದು ಎಣ್ಮಗೀನ ಎಸ್ರು. ಅವ್ರಪ್ಪ ಮಗಳ ಮ್ಯಾಲಿನ ಆಸೇಗೆ ಕಾರಿಗೆ ಇಕ್ಕಿಸ್ದ. ಬೆಂಜ್ ಅನ್ನೋನು ಬೇರೆ. ನೂರು ವರ್ಸದ ಮೇಲಾಯ್ತು, ಮೂರು ಚಕ್ರದ ಗಾಡಿ ಮಾಡ್ದ. ಯಾರು ನಂಬ್ತಾರೆ? ಒಬ್ರೂ ಕೊಳ್ಳಲಿಲ್ಲ. ಅವನೆಂಡ್ತಿ ನೋಡಿದ್ಲು, ನೋಡಿದ್ಲು. ಒಂದಿನ ಗಂಡನಿಗೆ ಏಳ್ದೇನೇ ಇಬ್ರು ಮಕ್ಕಳನ್ನ ಕೂರಿಸ್ಕೊಂಡು ಆ ಗಾಡೀಲಿ ತೌರ್ಮನೆಗೆ ಒಂಟೇಬಿಟ್ಲು! ದಾರೀಲಿ ಎಣ್ಣೆ ಮುಗೀತು, ಔಸ್ದಿ ಅಂಗಡೀಲಿ ಕೊಂಡು ಉಯ್ದ್ಲು. ಪೈಪು ಕಟ್ಕೊಂತು, ಟೋಪಿ ಪಿನ್ನಲ್ಲಿ ಚುಚ್ಚಿ ಬಿಡಿಸಿದ್ಲು. ಆಮೇಲೇ ಲೋಕ ನಂಬಿದ್ದು. ನೀನ್ಯಾಕೆ ಅಳ್ತೀಯಾ? ತೌರಿಗೆ ಓಗ್ಬೇಕು ಅನ್ನಿಸ್ದಾಗ ನಂಗೆ ಫೋನ್ ಮಾಡು."

ಹೆಣ್ಣು ಮೂಗು ಒರೆಸಿಕೊಂಡು ನಗುತ್ತಿದ್ದಳು. ಹೆಣ್ಣಿನ ತಾಯಿಗೂ ಸಮಾಧಾನವಾಗುತ್ತಿತ್ತು. ಜನ ಅವನನ್ನು ಬೆಂಜ್ ಆಂಜನಪ್ಪ ಎಂದೇ ಕರೆದರು. ಅವನ ಕಾರಿನಲ್ಲಿ ಹೆಣ್ಣು ಕೂರಿಸಿದರೆ ಮಂಟಪ ಸೇರಿದ ಹಾಗೆಯೇ ಎಂಬ ನಂಬಿಕೆ ಸುತ್ತಲ ಹಳ್ಳಿಗಳಲ್ಲೆಲ್ಲ ಇತ್ತು.

ಇಂಥವನ ಕಣ್ಣಿಗೆ ಸಕ್ಕರೆ ಕಾಯಿಲೆ ಕೈ ಹಾಕಿತು. ಮೊದಲು ಸೊಣ್ಣಮ್ಮನಿಗೆ ತಿಳಿದಿದ್ದು ಊಟದ ತಟ್ಟೆಯ ಮುಂದೆ. ಮುದ್ದೆ ಮುರಿದು ಸಾರಿಗೆ ಅದ್ದಲು ಹೋದವನ ಕೈ ತಟ್ಟೆಯ ಪಕ್ಕದ ನೆಲಕ್ಕೆ ಹೋಯಿತು. ಆಮೇಲೆ ಪೇಟೆಯಲ್ಲಿ ಸ್ವಂತ ಭಾವಮೈದುನ ಎದುರಿಗೆ ಬಂದು ನಿಂತರೂ ಪಕ್ಕಕ್ಕೆ ಸರಿದು ಹೋದ. ಕಣ್ಣಿನ ಶಿಬಿರಕ್ಕೆ ಎಳೆದುಕೊಂಡು ಹೋದಳು. ನೋಟದ ನಡುಭಾಗವೇ ಹಾಳಾಗಿದೆ, ಅಂಚಿನಲ್ಲಿ ಅಷ್ಟಿಷ್ಟು ಕಾಣುತ್ತದೆ, ಇನ್ನುಮೇಲೆ ಗಾಡಿ ಮುಟ್ಟಬಾರದು ಎಂದರು ಡಾಕ್ಟರು.

ಮುಟ್ಟಲಿಲ್ಲ ಕೂಡ, ಕೆಲವು ದಿನ. ಗೋಡೆಗೆ ಮುಖ ಮಾಡಿ ಮಲಗಿದ. ಅನ್ನ ಬೇಡ, ಮಾತು ಬೇಡ. ಬೆಳಿಗ್ಗೆ ಎದ್ದು ಕಾರು ಒರೆಸಿ, ಅದರೊಳಗೆ ಬಾಗಿಲು ಹಾಕಿಕೊಂಡು ಕೂತುಬಿಡುತ್ತಿದ್ದ. ಸೊಣ್ಣಮ್ಮ ಕಾಫಿ ತಂದು ಕಿಟಕಿ ತಟ್ಟಿದಾಗ ಒಂದು ದಿನ ಹೇಳಿದ: "ಬೆಂಜ್ ಆಂಜನಪ್ಪ ಅಂತಾರೆ ಕಣೇ ನನ್ನ. ಬೆಂಜ್ ತಗುದ್ರೆ ಬರೀ ಆಂಜನಪ್ಪ. ಅಂತೋರು ಊರಲ್ಲಿ ಬೇಕಾದಷ್ಟು ಜನ ಅವ್ರೆ."

ಆ ಮಾತನ್ನು ಅವಳು ಮರೆಯಲಿಲ್ಲ. ಮುಂದಿನ ವಾರ ಒಂದು ಮದುವೆಯವರು ಬಂದು ಕರೆದಾಗ ಅವನ ಬದಲಿಗೆ ಅವಳೇ "ಬತ್ತೀವಿ" ಎಂದುಬಿಟ್ಟಳು. ಅವನ ಪಕ್ಕದಲ್ಲಿ ತಾನು ಕೂರುವುದು, ದಾರಿ ಹೇಳುವುದು, ಹೇಗೂ ಮದುವೆ ಕಾರು ಮೆಲ್ಲಗೆ ಹೋಗುವುದು ತಾನೇ ಎಂದು ಲೆಕ್ಕ ಹಾಕಿದ್ದಳು. ಆದರೆ ಹೆಣ್ಣಿನ ಮನೆಯವರು, "ಇದೇನಮ್ಮಾ, ಡ್ರೈವರ್ ಎಂಡ್ತಿ ಯಾಕೆ ಮುಂದ್ಗಡೆ?" ಎಂದು ಹುಬ್ಬೇರಿಸಿದರು. ಆಗ ಅವಳ ಬಾಯಿಂದ ಬಂದದ್ದು ಇದು:

"ಬೆಂಜಲ್ಲಿ ಎಣ್ಣು ಓಗೋವಾಗ ಡ್ರೈವರು ದಂಪತಿ ಸಮೇತ ಇರ್ಬೇಕು ಕಣವ್ವಾ. ಮುತ್ತೈದೆ ದೀಪ ಇಡ್ಕೊಂಡು ಮುಂದೆ ಕೂತ್ರೆ ಎಣ್ಣಿನ ಸಂಸಾರಾನೂ ಬೆಂಜ್ ಇದ್ದಂಗೆ, ಎಲ್ಲೂ ನಿಲ್ಲದಂಗೆ ಓಯ್ತದೆ."

ಅಷ್ಟೇ ಸಾಕಾಯಿತು! ಆ ಹೆಣ್ಣಿಗೆ ವರ್ಷದೊಳಗೆ ಗಂಡುಮಗುವಾಯಿತು, ಗಂಡನಿಗೆ ಕೆಲಸ ಖಾಯಂ ಆಯಿತು. ಸುದ್ದಿ ಬಾಯಿಂದ ಬಾಯಿಗೆ ಹಬ್ಬಿತು. ಬೆಂಜ್ ಗೊತ್ತು ಮಾಡಲು ಬಂದವರೇ "ಸೊಣ್ಣಮ್ಮನೋರೂ ಬರ್ಬೇಕು" ಎಂದು ಅವಳಿಗೆ ಸೀರೆ, ಅರಿಶಿನ, ಕುಂಕುಮ ಇಟ್ಟು ಹೋಗತೊಡಗಿದರು.

ದಾರಿ ಹೇಳುವುದಾದರೂ ಹೇಗೆ? ಹಿಂದೆ ಜನ ಕೂತಿರುತ್ತಾರೆ. ತೆಲುಗಿನಲ್ಲಿ ಪಿಸುಗುಟ್ಟೋಣವೆಂದರೆ ಕೋಲಾರದ ಸೀಮೆಯಲ್ಲಿ ತೆಲುಗು ಬಾರದ ಕಿವಿ ಯಾವುದಿದೆ? ಕೊನೆಗೆ ಸೋಬಾನೆ ಹಾಡಿಗೆ ಕೈ ಹಾಕಿದಳು. ಎದುರಿಗೆ ಬಸ್ಸು ಬಂದರೆ "ಎದುರೀಗೆ ಬಂದಾನೋ ದೊಡ್ಡ ದೇವಾರು" ಎಂದು ರಾಗ ಎಳೆಯುವಳು. ರಸ್ತೆಯ ಹಂಪು ಬಂದರೆ "ಮೆಲ್ಲಾಕೆ ಇಳಿಯಮ್ಮ ಮದುವಣಗಿತ್ತಿ" ಎನ್ನುವಳು. ಆಂಜನಪ್ಪ ಕೇಳಿಕೊಂಡು ಸ್ಟೇರಿಂಗ್ ತಿರುಗಿಸುವನು. ಹಿಂದೆ ಕೂತವರು, ಎಂಥಾ ಹಾಡುಗಾರ್ತಿ, ನಿಂತ ನಿಲುವಿನಲ್ಲೇ ಪದ ಕಟ್ಟುತ್ತಾಳೆ ಎಂದು ತಲೆದೂಗುವರು. ಅವಳ ಕೈಯಲ್ಲಿ ದೀಪ ಗಡಗಡ ನಡುಗುತ್ತಿದ್ದರೆ ಭಕ್ತಿ ಅಂದುಕೊಳ್ಳುವರು. ಭಕ್ತಿಯಲ್ಲ, ಭಯ. ಕಾರು ಮಂಟಪದ ಮುಂದೆ ನಿಂತು ಹೆಣ್ಣು ಇಳಿದಾಗ, ಬೆನ್ನ ಮೇಲಿನ ರವಿಕೆ ಬೆವರಿಗೆ ಅಂಟಿಕೊಂಡಿರುತ್ತಿತ್ತು. ಇವತ್ತಿಗೆ ಮುಗಿಯಿತು, ಇನ್ನು ಸಾಕು ಎಂದು ಪ್ರತಿ ಸಲವೂ ಅಂದುಕೊಳ್ಳುವಳು. ಆದರೆ ನಿಜ ಹೇಳಬೇಕಲ್ಲ, ಆ ಸೀಟು ಅವಳಿಗೂ ಹಿಡಿಸಿತ್ತು. ರೇಷ್ಮೆ ಸೀರೆ ಉಟ್ಟು, ನಕ್ಷತ್ರದ ಗುರುತಿನ ಬಾನೆಟ್ಟಿನ ಹಿಂದೆ ಕೂತು ಬರುವಾಗ ಪೇಟೆಯ ಜನ ಕೈ ಮುಗಿಯುತ್ತಿದ್ದರು. ಹಾಲಿನ ಕ್ಯಾನು ಹೊತ್ತು ಬೆಳೆದವಳಿಗೆ ಇದು ಸಣ್ಣ ಮಾತೇ?

ಒಮ್ಮೆ ಮಾತ್ರ ಆಂಜನಪ್ಪ ಬೆಂಜಿನ ವಿಷಯದಲ್ಲಿ ಸೋತು ಮನೆಗೆ ಬಂದಿದ್ದ. ಮದುವೆಗೆ ಬಂದಿದ್ದ ಕಾಲೇಜು ಮೇಷ್ಟರೊಬ್ಬರು ಅವನ ಕತೆಯೆಲ್ಲ ಕೇಳಿ, "ಇದೂ ಗೊತ್ತಿರಲಿ ಆಂಜನಪ್ಪಾ. ಹಿಟ್ಲರನ ಕಾಲದ ಯುದ್ಧದಲ್ಲಿ ನಿಮ್ಮ ಕಂಪನಿಯವರು ಸೆರೆಯಾಳುಗಳನ್ನ ಹಿಡಿದು ತಂದು ಕಾರ್ಖಾನೆಯಲ್ಲಿ ದುಡಿಸಿದ್ದರು" ಎಂದಿದ್ದರು. ಅಂದು ರಾತ್ರಿ ಮುದ್ದೆ ಮುಂದೆ ಕೂತು ಅವನು ಅದನ್ನು ಹೆಂಡತಿಗೆ ಹೇಳಿದ.

"ನಿಜಾನಂತಾ?" ಸೊಣ್ಣಮ್ಮ ಕೇಳಿದಳು.

"ಊಂ. ಅವ್ರೇ ಒಪ್ಕೊಂಡವ್ರಂತೆ."

"ಯಾವಾಗ?"

"ಬಾಳಾ ವರ್ಸ ಆದ್ಮೇಲೆ." ಮುದ್ದೆ ಮುರಿಯುತ್ತಾ ಸೇರಿಸಿದ: "ಒಪ್ಕೊಂಡ್ರೂ ಎಸ್ರೇನೂ ಓಗ್ಲಿಲ್ಲ ನೋಡು."

ಸೊಣ್ಣಮ್ಮ ಅವನ ಮುಖ ನೋಡಿದಳು. ಈಗ ಹೇಳಲೇ, ಸಾಕು ನಿಲ್ಲಿಸೋಣ ಎನ್ನಲೇ ಎಂದು ಬಾಯಿ ತೆರೆದವಳು ಅವನು ಉಪ್ಪಿನ ಡಬ್ಬಿಗಾಗಿ ನೆಲವೆಲ್ಲ ತಡಕಾಡುವುದನ್ನು ಕಂಡು ಡಬ್ಬಿಯನ್ನು ಕೈಗೆ ತಳ್ಳಿ ಎದ್ದು ಹೋದಳು.

ಈ ಸಲದ ಮದುವೆ ಬೇತಮಂಗಲದ ಪಕ್ಕದ ಹಳ್ಳಿಯ ವೆಂಕಟೇಶಪ್ಪನ ಮಗಳು ಅಂಬಿಕಳದು. ಮಂಟಪ ಬಂಗಾರಪೇಟೆಯಲ್ಲಿ. ಸಂಜೆಗೆ ಆರತಕ್ಷತೆ, ಹೆಣ್ಣು ಹೊತ್ತು ಮುಳುಗುವುದರೊಳಗೆ ಮಂಟಪ ಸೇರಬೇಕು. ಕಾರಿಗೆ ಹೂವಿನ ಅಲಂಕಾರವಾಗಿತ್ತು, ಚಕ್ರದಡಿ ನಿಂಬೆಹಣ್ಣು ಇಟ್ಟಾಗಿತ್ತು. ಸೊಣ್ಣಮ್ಮ ಎಂದಿನಂತೆ ದೀಪ ಹಿಡಿದು ಮುಂದಿನ ಬಾಗಿಲಿಗೆ ಕೈ ಹಾಕಿದಳು. ಅಷ್ಟರಲ್ಲಿ ದಪ್ಪ ಕೈಯೊಂದು ಬಂದು ಅವಳ ಮುಂದೆ ಅಡ್ಡ ನಿಂತಿತು. ಅದು ವೆಂಕಟೇಶಪ್ಪನ ಅಕ್ಕ ನರಸಮ್ಮನ ಕೈ. ಅವಳ ಇನ್ನೊಂದು ಕಂಕುಳಲ್ಲಿ ತುಂಬಿದ ಕಳಶವಿತ್ತು.

"ನೀನು ಇಂದೆ ಕೂತ್ಕಳಮ್ಮ. ನಮ್ಮನೇಲಿ ಕಳಸ ಮುಂದೆ ಓಗ್ಬೇಕು."

ಸೊಣ್ಣಮ್ಮ ಬಾಗಿಲಿನಿಂದ ಕೈ ತೆಗೆಯಲಿಲ್ಲ. "ಇಲ್ಲ ಕಣಕ್ಕಾ, ಬೆಂಜಲ್ಲಿ ಮುತ್ತೈದೆ..."

"ಎಲ್ಲಾ ಕೇಳಿದ್ದೀನಿ. ನಾನೇನು ಮುತ್ತೈದೆ ಅಲ್ವಾ? ಎಣ್ಣಿನ ಸೋದರತ್ತೆ ನಾನು. ಕಳಸಕ್ಕಿಂತ ನಿನ್ನ ದೀಪ ದೊಡ್ಡದಾ?"

"ಕಳಸ ಇಂದೆ ಇಟ್ಕೊಂಡ್ರೂ ನಡೀತದೆ ಕಣಕ್ಕಾ, ನಾನು ಇಲ್ಲೇ..."

"ಕಳಸ ಇಂದೆ ಇಡ್ಬೇಕಂತೆ, ಕೇಳಿದ್ರಾ!" ನರಸಮ್ಮ ಸುತ್ತ ನಿಂತವರ ಕಡೆ ತಿರುಗಿದಳು. ಸುತ್ತ ನಿಂತವರು ಗೊಣಗಿದರು. ಕಳಶದ ಮುಂದೆ ಯಾವ ಸುಳ್ಳು ನಿಲ್ಲುತ್ತದೆ? ಸೊಣ್ಣಮ್ಮ ಗಂಡನತ್ತ ನೋಡಿದಳು. ಈ ಮನುಷ್ಯ ಏನಾದರೂ ನೆಪ ಹೇಳಬಾರದೇ, ಎಂಜಿನ್ ಸರಿಯಿಲ್ಲ ಎನ್ನಬಾರದೇ, ಹೊಟ್ಟೆನೋವು ಎಂದು ಕೂರಬಾರದೇ? ಆಂಜನಪ್ಪ ಇಸ್ತ್ರಿ ಮಾಡಿದ ಬಿಳಿ ಬಟ್ಟೆಯಲ್ಲಿ ನೆಟ್ಟಗೆ ನಿಂತಿದ್ದ.

"ಬಿಡೇ ಸೊಣ್ಣಿ. ಕಳಸ ದೊಡ್ದು. ಇಂದೆ ಕೂತ್ಕೊ. ನಂಗೇನು ಈ ದಾರಿ ಒಸ್ದಾ?"

ಮಾತು ಅವಳ ನಾಲಗೆಯ ತುದಿಗೆ ಬಂತು. ಅವನಿಗೆ ಕಾಣಿಸುವುದಿಲ್ಲ, ಹೆಣ್ಣನ್ನು ಕೂರಿಸಬೇಡಿ ಎಂದರೆ ಮುಗಿಯಿತು. ಆದರೆ ಊರಿಗೆ ಊರೇ ಅಂಗಳದಲ್ಲಿತ್ತು. ವೆಂಕಟೇಶಪ್ಪ ಕೈ ಮುಗಿದು, "ನಿಮ್ಮ ಬೆಂಜ್ ಬಂದ್ಮೇಲೆ ನಂಗೆ ಚಿಂತೆ ಇಲ್ಲ ಅಣ್ಣಾ" ಎನ್ನುತ್ತಿದ್ದ. ಸೊಣ್ಣಮ್ಮ ದೀಪ ಆರಿಸಿ ಹಿಂದಿನ ಸೀಟಿಗೆ ಹತ್ತಿದಳು. ಎಡಕ್ಕೆ ಅಂಬಿಕ, ಬಲಕ್ಕೆ ಅವಳ ಗೆಳತಿ ಚಂದನ. ತಾನು ನಡುವೆ ಕೂರುತ್ತೇನೆಂದು ಹಟ ಹಿಡಿದು ಕೂತಳು. ಎರಡು ಸೀಟಿನ ನಡುವಿನ ಸಂದಿಯಲ್ಲಿ ಗಾಜಿನಾಚೆಯ ರಸ್ತೆ ಅಷ್ಟಿಷ್ಟು ಕಾಣುತ್ತಿತ್ತು. ತೆಂಗಿನಕಾಯಿ ಒಡೆದರು. ಕಾರು ಹೊರಟಿತು. ಹಿಂದೆ ನೆಂಟರ ವ್ಯಾನು.

ಮೊದಮೊದಲು ಹೇಗೋ ನಡೆಯಿತು. ಸೊಣ್ಣಮ್ಮ ಮುಂದಕ್ಕೆ ಬಾಗಿ, ಗಂಡನ ಕಿವಿಯ ಹತ್ತಿರ ಬಾಯಿಟ್ಟು ಹಾಡತೊಡಗಿದಳು. ಕೆರೆ ಏರಿ ದಾಟಿತು. ಎದುರಿನ ಬಸ್ಸು ದಾಟಿತು. ನರಸಮ್ಮ ತಿರುಗಿ ನೋಡಿದಳು. ಸೋದರತ್ತೆ ಎಂಬಾಕೆ ಮುಂದೆ ಕೂತಿರುವಾಗ ಡ್ರೈವರನ ಹೆಂಡತಿ ಸೋಬಾನೆ ಹೇಳುವುದೆಂದರೇನು?

"ಸಾಕು ಸುಮ್ಕಿರಮ್ಮ. ಪದ ನಂಗೂ ಬತ್ತದೆ" ಎಂದವಳೇ ಗಂಟಲು ಸರಿ ಮಾಡಿಕೊಂಡು ಶುರು ಹಚ್ಚಿದಳು. ಅಬ್ಬಬ್ಬಾ, ಅದೇನು ಗಂಟಲು! ಕಾರಿನ ಗಾಜು ಅದುರುತ್ತಿತ್ತು. ಚಂದನ ಚಪ್ಪಾಳೆ ತಟ್ಟಿದಳು. ಸೊಣ್ಣಮ್ಮ "ರೀ, ಮೆಲ್ಲಕೆ" ಎಂದಿದ್ದು ಅವಳಿಗೇ ಕೇಳಿಸಲಿಲ್ಲ. ಆಂಡರ್ಸನ್‌ಪೇಟೆಯ ಹಂಪಿನ ಮೇಲೆ ಕಾರು ದಡಕ್ಕನೆ ಹಾರಿತು. ತಲೆ ಕಾರಿನ ಚಾವಣಿಗೆ ತಾಗಿದ ಅಂಬಿಕ ನಕ್ಕಳು. ಸೊಣ್ಣಮ್ಮ ನಗಲಿಲ್ಲ. ಹಂಪು ಅವನಿಗೆ ಕಂಡಿರಲಿಲ್ಲ. ಮೂವತ್ತು ವರ್ಷದಿಂದ ಅವನು ದಾಟುತ್ತಿದ್ದ ಹಂಪು!

"ಅಕ್ಕಾ, ಒಸಿ ನಿಲ್ಸಿ, ಡ್ರೈವರ್‌ಗೆ ತೊಂದ್ರೆ ಆಯ್ತದೆ."

"ಬೆಂಜ್ ಓಡ್ಸೋರಿಗೆ ಪದದಿಂದ ಏನ್ ತೊಂದ್ರೆ?" ಎಂದು ನರಸಮ್ಮ ಇನ್ನೊಂದು ಪದ ಎತ್ತಿದಳು.

ಪೇಟೆ ಕಳೆದು ಬಂಗಾರಪೇಟೆ ರಸ್ತೆಗೆ ಬಿದ್ದ ಮೇಲೆ ಇಳಿಹೊತ್ತಿನ ಬಿಸಿಲು ನೇರ ಗಾಜಿಗೆ ಹೊಡೆಯಿತು. ಕಣ್ಣು ಸರಿ ಇದ್ದ ಸೊಣ್ಣಮ್ಮನಿಗೇ ರಸ್ತೆ ಬೆಳ್ಳಗೆ ಕಂಡಿತು. ಇನ್ನು ಅವನಿಗೆ? ಆಂಜನಪ್ಪನ ಕತ್ತು ಗಟ್ಟಿಯಾಗಿ ಬಿಗಿದಿರುವುದು, ಕಿವಿಯ ಹಿಂದಿನಿಂದ ಬೆವರು ಇಳಿಯುತ್ತಿರುವುದು ಅವಳಿಗೆ ಕಂಡಿತು. ಅವನಿಗೂ ಭಯವಾಗಿದೆ ಎಂದು ಆಗ ತಿಳಿಯಿತು. ಇಷ್ಟು ದಿನ ಭಯವೆಲ್ಲ ತನ್ನೊಬ್ಬಳದೇ ಎಂದುಕೊಂಡಿದ್ದಳು. ಅಮ್ಮಾ ಗಂಗಮ್ಮಾ, ಮಂಟಪ ಕಾಣಿಸು, ಇವತ್ತೊಂದು ದಿನ ದಾಟಿಸು ಎಂದು ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು. ಪಕ್ಕದಲ್ಲಿ ಅಂಬಿಕ ಅವಳ ಕೈ ಹಿಡಿದು, "ನಿಮ್ಮ ಕೈ ಯಾಕಮ್ಮಾ ಇಷ್ಟು ತಣ್ಣಗೈತೆ?" ಎಂದಳು. ಗೋರಂಟಿ ಹಾಕಿದ ಪುಟ್ಟ ಕೈ. ಸೊಣ್ಣಮ್ಮ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಅಷ್ಟರಲ್ಲಿ ಬಿಸಿಲಿನ ನಡುವೆ ಹಸಿರು ಹುಲ್ಲಿನ ಹೊರೆಯೊಂದು ಎಡಬದಿಯ ದಿಣ್ಣೆಯಿಂದ ರಸ್ತೆಗೆ ಇಳಿಯಿತು. ಹೊರೆಯ ಅಡಿಯಲ್ಲಿ ಒಂದು ಮುದುಕಿ. ಹೊರೆ ಕಣ್ಣಿಗೆ ಇಳಿಬಿದ್ದು ಅವಳಿಗೆ ಕಾರು ಕಾಣುತ್ತಿಲ್ಲ. ರಸ್ತೆಯ ನಟ್ಟನಡುವಿಗೆ ಬರುತ್ತಿದ್ದಾಳೆ. ಕಾರು ನಿಧಾನವಾಗಲಿಲ್ಲ. ನರಸಮ್ಮ ಕಳಶ ಹಿಡಿದು ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದಳು.

"ನಿಲ್ಸ್ರೀ! ನಿಲ್ಸ್ರೀ! ಅಯ್ಯೋ, ನಿಲ್ಸ್ರೀ!"

ಸೊಣ್ಣಮ್ಮ ಕಿರುಚಿದ ರೀತಿಗೆ ನರಸಮ್ಮನ ಪದ ಅರ್ಧಕ್ಕೆ ನಿಂತಿತು. ಆಂಜನಪ್ಪ ಎರಡೂ ಕಾಲು ಒತ್ತಿದ. ಬೆಂಜ್ ಕಿರ್ರೆಂದು ಕೂಗಿ, ಮೂತಿ ತಗ್ಗಿಸಿ, ಇದ್ದಲ್ಲೇ ನಿಂತುಬಿಟ್ಟಿತು. ಕಳಶದ ನೀರು ನರಸಮ್ಮನ ಮಡಿಲಿಗೆ ಚೆಲ್ಲಿತು. ತೆಂಗಿನಕಾಯಿ ಮಾತ್ರ ಅವಳ ಕೈಯಲ್ಲೇ ಉಳಿದಿತ್ತು.

ಹಿಂದಿನ ವ್ಯಾನಿನಿಂದ ವೆಂಕಟೇಶಪ್ಪನೂ ನೆಂಟರೂ ಓಡಿ ಬಂದು ಕಿಟಕಿಗೆ ಮುತ್ತಿದರು. ಯಾರಿಗೂ ಏನೂ ಆಗಿರಲಿಲ್ಲ. ಆಗಿಲ್ಲವೆಂದು ತಿಳಿದದ್ದೇ ತಡ, ಎಲ್ಲರ ಬಾಯಿಗೂ ಮಾತು ಬಂತು. "ಏನ್ ಬ್ರೇಕು ಮಾರಾಯಾ! ಬೇರೆ ಗಾಡಿ ಆಗಿದ್ರೆ ಮೇಲತ್ತಿ ಓಗಿರೋದು." "ಕಳಸದ ಕಾಯಿ ಬಿದ್ದಿಲ್ಲ ನೋಡು, ಅದಕ್ಕೇ ಬೆಂಜ್ ಅನ್ನೋದು." "ಗಾಡಿ ಇರ್ಲಿ, ಓಡ್ಸೋನು ನೋಡಪ್ಪಾ. ಆಂಜನಪ್ಪಣ್ಣನ ಕಣ್ಣು ಅಂದ್ರೆ ಗಿಡುಗನ ಕಣ್ಣು!" ವೆಂಕಟೇಶಪ್ಪ ಕಿಟಕಿಯೊಳಗೆ ಕೈ ಹಾಕಿ ಆಂಜನಪ್ಪನ ಭುಜ ಹಿಡಿದು, "ನನ್ ಮಗಳನ್ನ ಉಳಿಸ್ದೆ ಅಣ್ಣಾ" ಎಂದು ಕಣ್ಣೊರೆಸಿಕೊಂಡ. ಆಂಜನಪ್ಪ ತಲೆಯಾಡಿಸುತ್ತಾ ನಕ್ಕ.

ನಗುತ್ತಲೇ ಹಿಂದಕ್ಕೆ ಅರ್ಧ ತಿರುಗಿ, ಸೊಣ್ಣಮ್ಮನಿಗೆ ಮಾತ್ರ ಕೇಳುವಂತೆ ಕೇಳಿದ:

"ಏನೇ ಅದು ಅಡ್ಡ ಬಂದಿದ್ದು? ಕರೂನಾ?"

ಸೊಣ್ಣಮ್ಮ ಗಾಜಿನಾಚೆ ನೋಡಿದಳು. ಹೊರೆ ಕೆಳಗೆ ಬಿದ್ದಿತ್ತು. ಮುದುಕಿ ಓಡಿಹೋಗಿರಲಿಲ್ಲ. ಎರಡೂ ಅಂಗೈಗಳನ್ನು ಬಾನೆಟ್ಟಿನ ಹೂವಿನ ಮೇಲೆ ಊರಿ, ಬಾಯಿ ತೆರೆದುಕೊಂಡು ಆಂಜನಪ್ಪನ ಮುಖವನ್ನೇ ನೋಡುತ್ತಾ ನಿಂತಿದ್ದಳು.

ಊಂ, ಕರು ಎಂದರೆ ಸಾಕಿತ್ತು. ಕಾರು ಮುಂದೆ ಹೋಗುತ್ತಿತ್ತು. ಈ ಬ್ರೇಕಿನ ಕತೆ ನಾಳೆಗೆ ಸುತ್ತಲ ಊರೆಲ್ಲ ಹರಡುತ್ತಿತ್ತು, ಮುಂದಿನ ಮದುವೆಯವರೂ ಸೀರೆ ಇಡಲು ಬರುತ್ತಿದ್ದರು. ಅಂಬಿಕ ಅವಳ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ.

"ಕರು ಅಲ್ಲ ಕಣ್ರೀ, ಮನುಸ್ರು" ಎಂದಳು ಸೊಣ್ಣಮ್ಮ, ಕಿಟಕಿಯಲ್ಲಿದ್ದವರಿಗೆಲ್ಲ ಕೇಳುವಂತೆ. "ಅಜ್ಜಿ. ಬಾನೆಟ್ ಮ್ಯಾಲೆ ಕೈ ಊರ್ಕೊಂಡು ನಿಮ್ಮ ಮಕಾನೇ ನೋಡ್ತಾ ನಿಂತವ್ರೆ. ವೆಂಕಟೇಶಪ್ಪಣ್ಣಾ, ನಮ್ ಯಜಮಾನ್ರಿಗೆ ಕಣ್ಣು ಕಾಣಾಕಿಲ್ಲ. ನಂಗೆ ಗೊತ್ತಿದ್ದೂ ಸುಳ್ಳೇಳ್ದೆ. ಎಣ್ಣನ್ನ ಇಳಿಸ್ಕಳಿ."

ನರಸಮ್ಮ ಕಾಯಿಯನ್ನು ಎದೆಗವಚಿಕೊಂಡು ಪಕ್ಕದಲ್ಲಿದ್ದವನ ಕಣ್ಣುಗಳನ್ನು ಮೊದಲ ಸಲ ಹತ್ತಿರದಿಂದ ನೋಡಿದಳು. ವೆಂಕಟೇಶಪ್ಪ ಭುಜದ ಮೇಲಿಟ್ಟಿದ್ದ ಕೈ ತೆಗೆದು, ಹಿಂದಿನ ಬಾಗಿಲು ಕಿತ್ತು ಬರುವಂತೆ ಎಳೆದು ಮಗಳನ್ನು ಕೆಳಗಿಳಿಸಿಕೊಂಡ.

ಆಂಜನಪ್ಪನ ಮುಖದಲ್ಲಿ ಆ ನಗು ಇನ್ನೂ ಸ್ವಲ್ಪ ಹೊತ್ತು ಹಾಗೇ ಇತ್ತು. ಎಂಜಿನ್ ಆರಿಸಿದ. ಬಾಗಿಲು ತೆಗೆದು ಇಳಿದ. ಬಾನೆಟ್ಟಿನ ಅಂಚನ್ನು ಸವರಿಕೊಂಡು, ಹೂವಿನ ಮೇಲೆ ಕೈಯಾಡಿಸುತ್ತಾ ಮುಂದಕ್ಕೆ ಬಂದ. ಒಂದು ಕಡೆ ಅವನ ಬೆರಳಿಗೆ ಒರಟಾದ, ಹುಲ್ಲು ಅಂಟಿದ ಕೈಯೊಂದು ತಾಗಿತು. ಅಲ್ಲಿಂದ ಅವನ ಸೀಟಿಗೆ ಎಷ್ಟು ದೂರವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಇಷ್ಟು ಅತ್ರಾನಾ ತಾಯಿ ನೀನಿದ್ದಿದ್ದು?" ಎಂದ.